ಮನೆವಾರ್ತೆಯ ಲೆಕ್ಕ

ಕನ್ನಡ ಬೈಬಲ್ಲಿನಲ್ಲಿ ‘ಮನೆವಾರ್ತೆಯವನು’ ಎಂಬ ಒಂದು ಸೊಗಸಾದ ಮಾತಿದೆ. ಇಂಗ್ಲಿಷಿನವರು ‘ಸ್ಟೂವರ್ಡ್’ ಎನ್ನುವುದಕ್ಕೆ ನಮ್ಮ ಅನುವಾದಕರು ಹುಡುಕಿಕೊಂಡ ಪದ ಅದು. ಮನೆವಾರ್ತೆಯವನು ಆಸ್ತಿಯ ಒಡೆಯನಲ್ಲ. ಒಡೆಯನ ಪರವಾಗಿ ಹೊಲ, ಕಣಜ, ಆಳುಕಾಳು ನೋಡಿಕೊಳ್ಳುವವನು. ಲೂಕನ ಸುವಾರ್ತೆಯ 16ನೇ ಅಧ್ಯಾಯದ ಕಥೆಯಲ್ಲಿ ಒಡೆಯ ಅವನನ್ನು ಕರೆಸಿ, ನಿನ್ನ ಕೈಗೆ ಕೊಟ್ಟದ್ದರ ಲೆಕ್ಕ ಒಪ್ಪಿಸು ಎಂದು ಕೇಳುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ಪರರ ಲೆಕ್ಕ ನೋಡುವುದನ್ನೇ ಕಸುಬು ಮಾಡಿಕೊಂಡ ನನ್ನಂಥವನಿಗೆ ಈ ಕಥೆ ಕಿವಿಗೆ ಬೀಳದೆ ಹೋಗುವುದಿಲ್ಲ. ಅಮೆರಿಕದ ಚರ್ಚುಗಳಲ್ಲಿ ಅನಿಲ, ವಿದ್ಯುತ್ತಿನ ಬಳಕೆ ಇಳಿಸುವ ಕೆಲಸಕ್ಕೆ ‘ಸೃಷ್ಟಿಯ ಪಾಲನೆ’ ಎಂಬ ಹೆಸರು ಬಂದ ಬಗೆ ತಿಳಿಯಬೇಕಾದರೆ ಈ ಪದದಿಂದಲೇ ಆರಂಭಿಸಬೇಕು. ಭೂಮಿ ನಮ್ಮದಲ್ಲ, ನಾವು ಅದರ ಮನೆವಾರ್ತೆಯವರು ಎಂಬ ನಂಬಿಕೆ ಒಂದು ಕಡೆ. ತಿಂಗಳ ಕೊನೆಗೆ ಬರುವ ಬಿಲ್ಲು ಇನ್ನೊಂದು ಕಡೆ. ಡೆಟ್ರಾಯಿಟ್ ಸೀಮೆಯಲ್ಲಿ ಇವೆರಡೂ ಒಂದೇ ಪುಸ್ತಕದಲ್ಲಿ ದಾಖಲಾಗುವುದಕ್ಕೆ ಸುಮಾರು ಅರ್ಧ ಶತಮಾನ ಹಿಡಿಯಿತು.

ಡೆಟ್ರಾಯಿಟ್ ನಗರದ ಉತ್ತರದ ಗಡಿ ‘ಎಂಟನೇ ಮೈಲಿ’ ರಸ್ತೆ. ಅದನ್ನು ದಾಟಿದರೆ ಮಕೋಂಬ್ ಕೌಂಟಿಯ ವಾರೆನ್. ಜೋಳ, ತರಕಾರಿ ಬೆಳೆಯುತ್ತಿದ್ದ ಈ ಬಯಲಿಗೆ ಯುದ್ಧಕಾಲದಲ್ಲಿ ಟ್ಯಾಂಕ್ ಕಾರ್ಖಾನೆ ಬಂತು, 1956ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ತಾಂತ್ರಿಕ ಕೇಂದ್ರ ಉದ್ಘಾಟನೆಯಾಯಿತು, ಮರುವರ್ಷ ವಾರೆನ್ ನಗರವೆನಿಸಿಕೊಂಡಿತು. 1960ರ ಜನಗಣತಿಯಲ್ಲಿ 89,246 ಇದ್ದ ಜನ 1970ರಲ್ಲಿ 1,79,260 ಆದರು. ಹತ್ತೇ ವರ್ಷದಲ್ಲಿ ಊರು ಇಮ್ಮಡಿಯಾಯಿತು. ಡೆಟ್ರಾಯಿಟಿನ ಹಳೆಯ ಬಡಾವಣೆಗಳಿಂದ ಪೋಲಿಷ್, ಇಟಾಲಿಯನ್, ಜರ್ಮನ್, ಉಕ್ರೇನಿಯನ್ ಮನೆತನಗಳು ಕಾರ್ಖಾನೆಯ ಸಂಬಳ ನಂಬಿಕೊಂಡು ಇಲ್ಲಿಗೆ ಬಂದವು. ಬಂದವರು ಮೊದಲು ಮನೆ ಕಟ್ಟಿದರು, ಆಮೇಲೆ ಚರ್ಚು, ಶಾಲೆ. ಇಟ್ಟಿಗೆಯ ಗೋಡೆ, ಅಗಲವಾದ ಚಪ್ಪಟೆ ಅಥವಾ ಇಳಿಜಾರು ಮಾಡು, ಉದ್ದುದ್ದ ಒಂಟಿ ಗಾಜಿನ ಕಿಟಕಿ, ನೆಲಮಾಳಿಗೆಯಲ್ಲಿ ದೊಡ್ಡದೊಂದು ಬಾಯ್ಲರ್. ಅನಿಲ ಅಗ್ಗವಾಗಿದ್ದ ಕಾಲದ ಕಟ್ಟಡಗಳು ಇವು. ಶಾಖ ಎಷ್ಟು ಸೋರಿಹೋಗುತ್ತದೆ ಎಂದು ಲೆಕ್ಕ ಹಾಕುವ ಅಗತ್ಯ ಕಟ್ಟಿದವರಿಗೆ ಕಾಣಲಿಲ್ಲ.

ದೇವರ ಮನೆಯನ್ನು ಬೆಚ್ಚಗಿಡಬೇಕು ಎಂಬುದೇ ಅಮೆರಿಕದಲ್ಲಿ ಅಷ್ಟೊಂದು ಹಳೆಯ ಸಂಪ್ರದಾಯವಲ್ಲ. ನ್ಯೂ ಇಂಗ್ಲೆಂಡಿನ ಮೊದಮೊದಲ ಪ್ರಾರ್ಥನಾ ಮಂದಿರಗಳಲ್ಲಿ ಒಲೆಯೇ ಇರಲಿಲ್ಲ. ಮನೆಯಿಂದ ಕೆಂಡ ತುಂಬಿ ತಂದ ಸಣ್ಣ ಪೆಟ್ಟಿಗೆಯನ್ನು ಕಾಲಡಿ ಇಟ್ಟುಕೊಂಡು ಜನ ಗಂಟೆಗಟ್ಟಲೆ ಪ್ರಸಂಗ ಕೇಳುತ್ತಿದ್ದರು. ಬಾಸ್ಟನ್ನಿನ ನ್ಯಾಯಾಧೀಶ ಸ್ಯಾಮುಯೆಲ್ ಸ್ಯೂವಲ್ 1686ರ ಜನವರಿಯ ದಿನಚರಿಯಲ್ಲಿ, ಪ್ರಭುಭೋಜನದ ರೊಟ್ಟಿ ಚಳಿಗೆ ಗಡ್ಡೆಕಟ್ಟಿತ್ತೆಂದು ಬರೆದಿಟ್ಟಿದ್ದಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಒಲೆ ಬಂತು, ಅದರ ಹಿಂದೆಯೇ ಕಲ್ಲಿದ್ದಲು ಬಂತು, ಹಬೆಯ ಬಾಯ್ಲರ್ ಬಂತು. ಬಾಯ್ಲರ್ ಬಂದ ಮೇಲೆ ಛಾವಣಿ ಎಷ್ಟು ಎತ್ತರವಿದ್ದರೂ ಸರಿ ಎನ್ನುವ ಧೈರ್ಯ ಬಂತು. ಡೆಟ್ರಾಯಿಟಿನ ಪೋಲಿಷ್ ವಲಸಿಗರು 1893ರಲ್ಲಿ ಕಟ್ಟಿ ಮುಗಿಸಿದ ‘ಸ್ವೀಟೆಸ್ಟ್ ಹಾರ್ಟ್ ಆಫ್ ಮೇರಿ’ಯಂಥ ಚರ್ಚುಗಳನ್ನು ಕತ್ತೆತ್ತಿ ನೋಡಬೇಕು. ಕೂಲಿಕಾರರ ಚಿಕ್ಕಾಸಿನಿಂದ ಎದ್ದ ಅರಮನೆಗಳವು.

ನಮ್ಮ ಕರಾವಳಿಯ ಇಗರ್ಜಿಗಳನ್ನು ಕಂಡವರಿಗೆ ಇಲ್ಲಿನ ಕಷ್ಟ ತಕ್ಷಣ ಹೊಳೆಯುವುದಿಲ್ಲ. ಮಂಗಳೂರಿನಲ್ಲಿ ಬೇಕಾದದ್ದು ಗಾಳಿ. ಎದುರುಬದುರು ದೊಡ್ಡ ಬಾಗಿಲು, ಎತ್ತರದ ಮಾಡು, ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಸುಡಲು ಆರಂಭಿಸಿದ ಹಂಚು, ಅದರ ಸಂದಿಯಿಂದ ಬಿಸಿಗಾಳಿ ತಾನಾಗಿ ಹೊರಹೋಗುತ್ತದೆ. ಅಲ್ಲಿ ಎತ್ತರದ ಮಾಡು ವರ. ಮಿಷಿಗನ್ನಿನಲ್ಲಿ ಅದೇ ಮಾಡು ಶಾಪ. ಬಿಸಿಗಾಳಿ ಮೇಲೇರಿ ತೊಲೆಗಳ ನಡುವೆ ಕೂರುತ್ತದೆ, ಭಕ್ತರು ಕೆಳಗೆ ಕೋಟು ಹೊದ್ದು ಕೂರುತ್ತಾರೆ. ಅಕ್ಟೋಬರ್ ನಡುವಿನಿಂದ ಏಪ್ರಿಲ್‌ವರೆಗೆ ಬಾಯ್ಲರ್ ಉರಿಯಬೇಕು. ವಾರಕ್ಕೆ 168 ಗಂಟೆ. ಅದರಲ್ಲಿ ಪೂಜೆ, ಪ್ರಾರ್ಥನೆಗೆಂದು ಮುಖ್ಯ ಸಭಾಂಗಣ ತುಂಬಿರುವುದು ಏಳೆಂಟು ಗಂಟೆ ಎಂದಿಟ್ಟುಕೊಳ್ಳಿ. ಉಳಿದ 160 ಗಂಟೆ ಖಾಲಿ ಬೆಂಚುಗಳನ್ನು ಬೆಚ್ಚಗಿಟ್ಟಂತೆ. ಚರ್ಚಿನ ಇಂಧನದ ಪ್ರಶ್ನೆಯೆಲ್ಲ ಈ ಒಂದು ಭಾಗಾಕಾರದಲ್ಲಿ ಅಡಗಿದೆ.

ಆ ಭಾಗಾಕಾರವನ್ನು ಮೊದಲು ಮಾಡಿಸಿದ್ದು ಧರ್ಮಶಾಸ್ತ್ರವಲ್ಲ, ಅರಬ್ ದೇಶಗಳು. 1973ರ ಅಕ್ಟೋಬರಿನಲ್ಲಿ ಅವು ತೈಲ ನಿರ್ಬಂಧ ಹೇರಿದಾಗ ಕಾರಿನ ಊರಾದ ಡೆಟ್ರಾಯಿಟಿಗೆ ಬಿದ್ದ ಪೆಟ್ಟು ಎಲ್ಲರಿಗೂ ಗೊತ್ತಿರುವುದೇ. 1977ರ ಚಳಿಗಾಲ ಇನ್ನೂ ಕಠಿಣವಾಗಿತ್ತು. ಅನಿಲವೇ ಸಾಲದೆ ಪೂರ್ವ ಮತ್ತು ಮಧ್ಯ ರಾಜ್ಯಗಳಲ್ಲಿ ಶಾಲೆ, ಕಾರ್ಖಾನೆಗಳು ಮುಚ್ಚಿದವು. ಅಧಿಕಾರಕ್ಕೆ ಬಂದ ಎರಡೇ ವಾರಕ್ಕೆ, ಫೆಬ್ರವರಿ 2ರ ರಾತ್ರಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಉಣ್ಣೆಯ ಸ್ವೆಟರ್ ತೊಟ್ಟು ಟಿವಿಯಲ್ಲಿ ಕಾಣಿಸಿಕೊಂಡರು. ಮನೆಯ ಶಾಖವನ್ನು ಹಗಲು 65 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ನಮ್ಮ 18 ಡಿಗ್ರಿ ಸೆಲ್ಸಿಯಸ್‌ಗೆ, ರಾತ್ರಿ 55ಕ್ಕೆ ಇಳಿಸಿ ಎಂದು ದೇಶವನ್ನು ಕೇಳಿಕೊಂಡರು. ಕಾರ್ಟರ್ ಜಾರ್ಜಿಯದ ಬ್ಯಾಪ್ಟಿಸ್ಟ್ ಭಕ್ತ, ಊರಿನ ಚರ್ಚಿನಲ್ಲಿ ಭಾನುವಾರದ ಪಾಠ ಹೇಳುತ್ತಿದ್ದವರು. ಅವರ ಮಾತಿಗೆ ನಕ್ಕವರೇ ಹೆಚ್ಚು. ಆದರೂ ಚರ್ಚುಗಳ ಖಜಾಂಚಿಗಳು ನಗುವ ಸ್ಥಿತಿಯಲ್ಲಿರಲಿಲ್ಲ. 1980ರಲ್ಲಿ ಫಿಲಡೆಲ್ಫಿಯದಲ್ಲಿ ‘ಇಂಟರ್‌ಫೇತ್ ಕೊಯಲಿಶನ್ ಆನ್ ಎನರ್ಜಿ’ ಎಂಬ ಸಂಸ್ಥೆ ಹುಟ್ಟಿ, ಆಂಡ್ರ್ಯೂ ರೂಡಿನ್ ಎಂಬವರ ನೇತೃತ್ವದಲ್ಲಿ ಚರ್ಚು, ಸಿನಗಾಗ್‌ಗಳ ನೆಲಮಾಳಿಗೆಗಿಳಿದು ಬಾಯ್ಲರ್, ಬಿಲ್ಲು ಎರಡನ್ನೂ ಪರೀಕ್ಷಿಸುವ ಕೆಲಸ ಹಿಡಿಯಿತು. ಇಂಧನದ ಆಡಿಟ್ ಎನ್ನುವುದು ದೇವಾಲಯದೊಳಗೆ ಕಾಲಿಟ್ಟದ್ದು ಹೀಗೆ.

ಬಿಲ್ಲಿಗೆ ಇನ್ನೊಂದು ಮುಖವೂ ಇತ್ತು. ಜನ ಉಪನಗರಗಳಿಗೆ ಹೋದಂತೆ ಡೆಟ್ರಾಯಿಟಿನ ಅರಮನೆಯಂಥ ಚರ್ಚುಗಳಲ್ಲಿ ಬೆಂಚುಗಳು ಖಾಲಿಯಾದವು. ಸಾವಿರ ಜನರಿಗಾಗಿ ಕಟ್ಟಿದ ಸಭಾಂಗಣದಲ್ಲಿ ನೂರು ಜನ. ಆದರೆ ಬಾಯ್ಲರಿಗೆ ತಲೆ ಎಣಿಸಲು ಬರುವುದಿಲ್ಲ. ಅದು ಸಾವಿರ ಜನಕ್ಕೆ ಉರಿದಷ್ಟೇ ನೂರು ಜನಕ್ಕೂ ಉರಿಯುತ್ತದೆ. ನಮ್ಮ ಲೆಕ್ಕದ ಭಾಷೆಯಲ್ಲಿ ಇದು ಸ್ಥಿರ ವೆಚ್ಚ, ಅದನ್ನು ಹಂಚಿಕೊಳ್ಳುವ ಹೆಗಲುಗಳು ಮಾತ್ರ ಕಡಿಮೆಯಾಗುತ್ತ ಹೋದವು. 1989ರಲ್ಲಿ ಕಾರ್ಡಿನಲ್ ಎಡ್ಮಂಡ್ ಷೋಕಾ ನಗರದ ಸುಮಾರು 30 ಪ್ಯಾರಿಷ್‌ಗಳನ್ನು ಮುಚ್ಚಿಸಿದರು. ಒಂದು ಅಮೆರಿಕನ್ ನಗರದಲ್ಲಿ ಒಮ್ಮೆಲೇ ಅಷ್ಟು ಚರ್ಚುಗಳಿಗೆ ಬೀಗ ಬಿದ್ದದ್ದು ಆಗ ದೊಡ್ಡ ಸುದ್ದಿ. ಅಜ್ಜಂದಿರು ಕಟ್ಟಿದ ಚರ್ಚಿನ ಮೆಟ್ಟಿಲ ಮೇಲೆ ಮೊಮ್ಮಕ್ಕಳು ಅತ್ತರು. ಜನ ಇಲ್ಲದ್ದು ಮುಖ್ಯ ಕಾರಣ. ಆದರೆ ಜನ ಕಡಿಮೆಯಾದ ಕಟ್ಟಡವನ್ನು ಕೊನೆಗೆ ಬೀಳಿಸುವುದು ಸೋರುವ ಮಾಡು ಮತ್ತು ಚಳಿಗಾಲದ ಬಿಲ್ಲು ಎಂಬುದು ಯಾವ ಖಜಾಂಚಿಗೂ ಗೊತ್ತು.

ಇದನ್ನು ಯೋಚಿಸುವಾಗ ನನಗೆ ನಮ್ಮ ಶಾಸನಗಳು ನೆನಪಾಗುತ್ತವೆ. ಕರ್ನಾಟಕದ ದೇವಾಲಯಗಳ ದಾನಶಾಸನಗಳಲ್ಲಿ ನಂದಾದೀವಿಗೆಗೆಂದು ಬಿಟ್ಟ ಭೂಮಿ, ಎಣ್ಣೆಯ ಗಾಣ, ಗಾಣದಿಂದ ಬರುವ ಪಾಲು ಇವುಗಳ ವಿವರ ಮತ್ತೆಮತ್ತೆ ಬರುತ್ತದೆ. ದೀಪ ನಂದಬಾರದು ಎಂದರೆ ಎಣ್ಣೆಯ ಮೂಲ ಯಾವುದು ಎಂಬುದನ್ನು ಕಲ್ಲಿನ ಮೇಲೆ ಬರೆಯಬೇಕು ಎಂದು ಆ ಜನಕ್ಕೆ ತಿಳಿದಿತ್ತು. ಅದೇ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಬಾಬತ್ತೂ ಇರುತ್ತದೆ. ಮುರಿದದ್ದು, ಬಿರುಕು ಬಿಟ್ಟದ್ದನ್ನು ಸರಿಪಡಿಸುವುದಕ್ಕೆ ಕಟ್ಟುವಾಗಲೇ ತೆಗೆದಿಟ್ಟ ನಿಧಿ ಅದು. ಇಂದಿನ ಆಡಿಟರ್ ಬರೆಯುವ ದುರಸ್ತಿ ನಿಧಿಯ ಟಿಪ್ಪಣಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಡೆಟ್ರಾಯಿಟಿನ ಎಷ್ಟೋ ಚರ್ಚುಗಳಿಗೆ ಇಲ್ಲದೆ ಹೋದದ್ದು ಈ ಎರಡನೆಯ ಬಾಬತ್ತು. ಭಾನುವಾರದ ಕಾಣಿಕೆಯಿಂದ ಸಂಬಳ, ಬಿಲ್ಲು ತೀರಿಸಿದ ಮೇಲೆ ಕಿಟಕಿಗೆ, ಬಾಯ್ಲರಿಗೆ ಏನೂ ಉಳಿಯುತ್ತಿರಲಿಲ್ಲ. ಹಳೆಯ ಬಾಯ್ಲರಿನಿಂದಾಗಿ ಬಿಲ್ಲು ಹೆಚ್ಚು, ಬಿಲ್ಲು ಹೆಚ್ಚಾದ್ದರಿಂದ ಹೊಸ ಬಾಯ್ಲರಿಗೆ ಹಣವಿಲ್ಲ. ಬಡವನ ಸಾಲದಂತೆ ಇದೂ ತನ್ನ ಬಾಲವನ್ನು ತಾನೇ ನುಂಗುವ ಹಾವು.

ಈ ನಡುವೆ ಧರ್ಮಶಾಸ್ತ್ರದ ಕಡೆಯಿಂದಲೂ ನೀರು ಹರಿದು ಬರುತ್ತಿತ್ತು. 1967ರ ಮಾರ್ಚಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇತಿಹಾಸಕಾರ ಲಿನ್ ವೈಟ್ ಒಂದು ಲೇಖನ ಬರೆದು, ಇಂದಿನ ಪರಿಸರದ ಬಿಕ್ಕಟ್ಟಿನ ಬೇರು ಪಶ್ಚಿಮದ ಕ್ರೈಸ್ತ ಚಿಂತನೆಯಲ್ಲಿದೆ ಎಂದರು. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಭೂಮಿಯನ್ನು ವಶಮಾಡಿಕೊಳ್ಳಿ, ಪ್ರಾಣಿಗಳ ಮೇಲೆ ದೊರೆತನ ಮಾಡಿ ಎಂದು ಮನುಷ್ಯನಿಗೆ ಅಪ್ಪಣೆಯಾಗಿದೆಯಲ್ಲ, ಅದನ್ನೇ ಅವರು ಬೊಟ್ಟು ಮಾಡಿದ್ದು. ಹಾಗೆಂದು ಅವರು ನಾಸ್ತಿಕರಲ್ಲ. ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರದ ಪಾಲಕ ಸಂತರೆಂದು ಕರೆಯೋಣ ಎಂಬ ಸಲಹೆಯೊಂದಿಗೆ ಲೇಖನ ಮುಗಿಸಿದರು. ಚರ್ಚುಗಳಿಗೆ ಸಿಟ್ಟೂ ಬಂತು, ಯೋಚನೆಯೂ ಹತ್ತಿತು. ಎರಡನೆಯ ಅಧ್ಯಾಯದಲ್ಲಿ ಬೇರೆ ಮಾತಿದೆಯಲ್ಲ ಎಂದರು ಉತ್ತರ ಕೊಟ್ಟವರು. ಅಲ್ಲಿ ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಕೃಷಿ ಮಾಡಲು ಮತ್ತು ಕಾಯಲು. ಮೂಲ ಹೀಬ್ರೂ ಕ್ರಿಯಾಪದಗಳಿಗೆ ಸೇವೆ ಮಾಡು, ಕಾವಲಿರು ಎಂಬ ಅರ್ಥವೂ ಇದೆ. ಮನೆವಾರ್ತೆಯವನು ಮತ್ತೆ ಮುನ್ನೆಲೆಗೆ ಬಂದದ್ದು ಈ ವಾಗ್ವಾದದಲ್ಲಿ. ಪೋಪ್ ಎರಡನೆಯ ಜಾನ್ ಪಾಲ್ 1979ರಲ್ಲಿ ಸಂತ ಫ್ರಾನ್ಸಿಸರನ್ನು ನಿಜವಾಗಿಯೂ ಪರಿಸರದ ಪಾಲಕ ಸಂತರೆಂದು ಘೋಷಿಸಿದರು. ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ ದಿಮಿತ್ರಿಯೋಸ್ 1989ರಲ್ಲಿ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಗೊತ್ತುಮಾಡಿದರು.

ಆದರೆ ಘೋಷಣೆಯಿಂದ ಥರ್ಮೋಸ್ಟ್ಯಾಟ್ ಇಳಿಯುವುದಿಲ್ಲ. ಎರಡನ್ನೂ ಜೋಡಿಸಿದವರು 1990ರ ದಶಕದ ಕೊನೆಯಲ್ಲಿ ಬಂದರು. ಸ್ಯಾನ್ ಫ್ರಾನ್ಸಿಸ್ಕೊದ ಎಪಿಸ್ಕೋಪಲ್ ಪಾದ್ರಿಣಿ ಸ್ಯಾಲಿ ಬಿಂಗಮ್ 1998ರಲ್ಲಿ ‘ಎಪಿಸ್ಕೋಪಲ್ ಪವರ್ ಅಂಡ್ ಲೈಟ್’ ಆರಂಭಿಸಿದರು. ಅದು ಬೆಳೆದು ಎಲ್ಲ ಮತಗಳನ್ನೂ ಸೇರಿಸಿಕೊಂಡು ‘ಇಂಟರ್‌ಫೇತ್ ಪವರ್ ಅಂಡ್ ಲೈಟ್’ ಆಯಿತು. ಹೆಸರಿನಲ್ಲೇ ಒಂದು ಶ್ಲೇಷೆಯಿದೆ. ‘ಪವರ್ ಅಂಡ್ ಲೈಟ್’ ಎಂಬುದು ಅಮೆರಿಕದ ವಿದ್ಯುತ್ ಕಂಪನಿಗಳ ಹೆಸರಿನ ಧಾಟಿ, ಶಕ್ತಿ ಮತ್ತು ಜ್ಯೋತಿ ಎಂಬುದು ದೇವರ ಮಾತು. ಮಿಷಿಗನ್ ಸರೋವರದ ಆಚೆ ಶಿಕಾಗೊದಲ್ಲಿ 1999ರಲ್ಲಿ ‘ಫೇತ್ ಇನ್ ಪ್ಲೇಸ್’ ಸಂಸ್ಥೆ ಹುಟ್ಟಿತು. ಅದರ ನೆರವಿನಿಂದ 2008ರಲ್ಲಿ ಬ್ರಿಜ್‌ವ್ಯೂ ಉಪನಗರದ ಮಸೀದಿಯ ಮಾಡಿನ ಮೇಲೆ ನೀರು ಕಾಯಿಸುವ ಸೌರ ಫಲಕಗಳು ಬಂದವು. ಪ್ರಾರ್ಥನೆಗೆ ಮೊದಲು ಕೈಕಾಲು ತೊಳೆಯುವ ನೀರು ಬಿಸಿಲಿನಿಂದ ಬೆಚ್ಚಗಾಗತೊಡಗಿತು. ಅದೇ ವರ್ಷ ಎವನ್‌ಸ್ಟನ್ನಿನ ಯಹೂದಿ ಸಭೆಯೊಂದು ತನ್ನ ಹೊಸ ಸಿನಗಾಗ್‌ಗೆ ಹಸಿರು ಕಟ್ಟಡಗಳ ಶ್ರೇಣಿಯಲ್ಲಿ ಎಲ್ಲಕ್ಕಿಂತ ಮೇಲಿನ ಪ್ಲಾಟಿನಂ ಮನ್ನಣೆ ಪಡೆಯಿತು.

ಡೆಟ್ರಾಯಿಟ್ ಭಾಗದಲ್ಲಿ ಈ ಕೆಲಸಕ್ಕೆ ಮೊದಲ ಹೆಸರು ಫಾದರ್ ಚಾರ್ಲ್ಸ್ ಮಾರಿಸ್ ಅವರದು. ನಗರದ ದಕ್ಷಿಣಕ್ಕೆ ನದಿ ದಂಡೆಯ ವೈಯಾಂಡಾಟ್ ರಾಸಾಯನಿಕ ಕಾರ್ಖಾನೆಗಳ ಊರು. ಅಲ್ಲಿನ ಸೇಂಟ್ ಎಲಿಜಬೆತ್ ಚರ್ಚಿನ ಗುರುಗಳಾಗಿದ್ದ ಮಾರಿಸ್ 2000ರ ದಶಕದ ಆರಂಭದಲ್ಲಿ ಚರ್ಚಿನ ಆವರಣದಲ್ಲಿ ಸೌರ ಫಲಕ, ಬಿಸಿಲಿನ ನೀರೊಲೆ, ಸಣ್ಣದೊಂದು ಗಾಳಿಯಂತ್ರ ಮೂರನ್ನೂ ಹಾಕಿಸಿದರು. ಅದು ಶ್ರೀಮಂತರ ಪ್ಯಾರಿಷ್ ಅಲ್ಲ, ದುಡಿಯುವ ಜನರದು. ಸಾಧ್ಯವಾದರೆ ಇಲ್ಲಿಯೂ ಸಾಧ್ಯ ಎಂದು ತೋರಿಸುವುದು ಅವರ ಉದ್ದೇಶ. ‘ಮಿಷಿಗನ್ ಇಂಟರ್‌ಫೇತ್ ಪವರ್ ಅಂಡ್ ಲೈಟ್’ ಕಟ್ಟಿದವರಲ್ಲಿ ಅವರೇ ಮುಂದಾಳು. ಚರ್ಚು, ಮಸೀದಿ, ಸಿನಗಾಗ್‌ಗಳನ್ನು ಒಟ್ಟಿಗೆ ಕೂರಿಸಿ ಇಂಧನದ ಆಡಿಟ್ ಮಾಡಿಸುವುದು, ಮಿತಬಳಕೆಯ ಬಲ್ಬುಗಳನ್ನು ಒಟ್ಟಾಗಿ ಕೊಳ್ಳುವುದು ಅದರ ನಿತ್ಯದ ಕೆಲಸವಾಯಿತು.

ಇನ್ನೂ ದಕ್ಷಿಣಕ್ಕೆ, ಇರೀ ಸರೋವರದ ತಡಿಯ ಮನ್ರೋ ಎಂಬ ಊರಿನಲ್ಲಿ ನಡೆದದ್ದು ನನ್ನ ಮಟ್ಟಿಗೆ ಈ ಚರಿತ್ರೆಯ ಅತಿ ದೊಡ್ಡ ಅಧ್ಯಾಯ. 1845ರಲ್ಲಿ ಅಲ್ಲಿ ಆರಂಭವಾದ ‘ಇಮ್ಯಾಕ್ಯುಲೇಟ್ ಹಾರ್ಟ್ ಆಫ್ ಮೇರಿ’ ಕನ್ಯಾಸ್ತ್ರೀಯರ ಸಂಘ ಮಿಷಿಗನ್ನಿನ ಎಷ್ಟೋ ತಲೆಮಾರುಗಳಿಗೆ ಅಕ್ಷರ ಕಲಿಸಿದೆ. ಅವರ ಮಾತೃಮಠ 1932ರಲ್ಲಿ ಕಟ್ಟಿದ ಭಾರಿ ಕಟ್ಟಡ. ಶತಮಾನದ ಕೊನೆಗೆ ಹೊಸಬರು ಬರುವುದು ನಿಂತಿತ್ತು, ಇದ್ದವರಿಗೆ ವಯಸ್ಸಾಗಿತ್ತು, ಕಟ್ಟಡಕ್ಕೂ ಆಗಿತ್ತು. ಕೆಡವಿ ಚಿಕ್ಕದೊಂದು ಕಟ್ಟುವುದೇ, ಮಾರುವುದೇ, ಸರಿಪಡಿಸುವುದೇ? ಯಾವ ಸಲಹೆಗಾರನೂ ಮೊದಲನೆಯ ಎರಡನ್ನೇ ಹೇಳಿಯಾನು. ಕನ್ಯಾಸ್ತ್ರೀಯರು ಮೂರನೆಯದನ್ನು ಆರಿಸಿದರು. ಸುಸ್ಥಿರತೆ ತಮ್ಮ ಪಾಲಿಗೆ ನೈತಿಕ ಆದೇಶ ಎಂದು ನಿರ್ಧರಿಸಿದರು. 2001ರಿಂದ 2003ರವರೆಗೆ ದುರಸ್ತಿ ನಡೆಯಿತು. ಆವರಣದಲ್ಲಿ ಇನ್ನೂರಕ್ಕೂ ಹೆಚ್ಚು ಆಳವಾದ ಬಾವಿಗಳನ್ನು ಕೊರೆದರು. ಅವು ನೀರಿಗಾಗಿ ಅಲ್ಲ. ಇಲ್ಲಿ ನೆಲದ ಆಳದಲ್ಲಿ ಬೇಸಿಗೆ, ಚಳಿಗಾಲ ಎರಡರಲ್ಲೂ ಶಾಖ ಹೆಚ್ಚು ಕಡಿಮೆ 11-12 ಡಿಗ್ರಿ ಸೆಲ್ಸಿಯಸ್. ಕೊಳವೆಯಲ್ಲಿ ದ್ರವ ಹರಿಸಿ ಚಳಿಗಾಲದಲ್ಲಿ ಆ ಶಾಖವನ್ನು ಪಂಪ್‌ಗಳ ಮೂಲಕ ಮೇಲೆ ತರುತ್ತಾರೆ, ಬೇಸಿಗೆಯಲ್ಲಿ ಕೋಣೆಯ ಬಿಸಿಯನ್ನು ನೆಲಕ್ಕೆ ಇಳಿಸುತ್ತಾರೆ. ಹಳೆಯ ಬಾಗಿಲು, ಕಿಟಕಿಗಳನ್ನು ನೂರುಗಟ್ಟಲೆ ಉಜ್ಜಿ, ರಿಪೇರಿ ಮಾಡಿ ಮತ್ತೆ ಕೂರಿಸಿದರು. ಕೈತೊಳೆದ, ಸ್ನಾನದ ನೀರು ಜೊಂಡಿನ ಹೊಂಡದಲ್ಲಿ ತಿಳಿಯಾಗಿ ಶೌಚಾಲಯಕ್ಕೆ ಮರಳುತ್ತದೆ.

ಈ ಊರಿಗೆ ಇನ್ನೊಂದು ಹಿರಿಮೆಯೂ ಇದೆ. ಡಿಟಿಇ ಕಂಪನಿಯ ಮನ್ರೋ ಕಲ್ಲಿದ್ದಲು ಸ್ಥಾವರ 3,000 ಮೆಗಾವಾಟ್‌ಗೂ ಹೆಚ್ಚು ಸಾಮರ್ಥ್ಯದ್ದು, ನಮ್ಮ ರಾಯಚೂರಿನ ಸ್ಥಾವರದ ಸರಿಸುಮಾರು ಎರಡು ಪಟ್ಟು. 1970ರ ದಶಕದಿಂದ ಡೆಟ್ರಾಯಿಟ್, ವಾರೆನ್ ಬೆಳಗುವ ಜಾಲಕ್ಕೆ ಅದರ ವಿದ್ಯುತ್ತು ಹರಿಯುತ್ತಿದೆ. ಒಂದೇ ಊರಿನಲ್ಲಿ ಒಂದು ಕಡೆ ಆ ಚಿಮಣಿಗಳು, ಇನ್ನೊಂದು ಕಡೆ ತಮಗೆ ಉಳಿದ ವರ್ಷಗಳು ಎಷ್ಟೆಂದು ಗೊತ್ತಿದ್ದೂ ಐವತ್ತು ವರ್ಷ ಬಾಳುವ ಕೊಳವೆಗಳನ್ನು ನೆಲದಲ್ಲಿ ಹೂತ ವೃದ್ಧ ಸನ್ಯಾಸಿನಿಯರು. ಹೂಡಿಕೆ ಮರಳಲು ಎಷ್ಟು ವರ್ಷ ಎಂಬುದು ನಮ್ಮ ವೃತ್ತಿಯ ಮೊದಲ ಪ್ರಶ್ನೆ. ಸಾಮಾನ್ಯ ಕಂಪನಿ ಮೂರು ವರ್ಷ ಎಂದರೆ ಒಪ್ಪುತ್ತದೆ, ಏಳು ಎಂದರೆ ತಲೆ ಆಡಿಸುತ್ತದೆ, ಇಪ್ಪತ್ತು ಎಂದರೆ ಕಡತ ಮುಚ್ಚುತ್ತದೆ. ತಾನು ಇರುತ್ತೇನೆ ಎಂದು ನಂಬಿದ ಸಂಸ್ಥೆಗೆ ಮಾತ್ರ ಇಪ್ಪತ್ತು ವರ್ಷ ಕಾಯಲು ಸಾಧ್ಯ. ಅಥವಾ ತಾನಿಲ್ಲದಿದ್ದರೂ ಭೂಮಿ ಇರುತ್ತದೆ ಎಂದು ನಂಬಿದ ಸಂಸ್ಥೆಗೆ. ನಂಬಿಕೆಯಿಂದ ಲೆಕ್ಕಕ್ಕೆ ಸಿಗುವ ನಿಜವಾದ ಕೊಡುಗೆ ಈ ತಾಳ್ಮೆ ಎಂದು ನನಗೆ ಅನ್ನಿಸುತ್ತದೆ.

ಮನ್ರೋದಂಥ ಸಾಹಸ ಎಲ್ಲರಿಂದ ಆಗದು. ವಾರೆನ್ನಿನಂಥ ಊರಿನ ಚರ್ಚುಗಳಿಗೆ ಒದಗುವುದು ಸಣ್ಣ ಕೆಲಸಗಳು. ಬಾಗಿಲ ಮೇಲೆ ಕೆಂಪಾಗಿ ಉರಿಯುವ ‘ಎಕ್ಸಿಟ್’ ಫಲಕವನ್ನೇ ನೋಡಿ. ಹಳೆಯ ಬಗೆಯದರಲ್ಲಿ 40 ವಾಟಿನ ಬಲ್ಬುಗಳು. ಕಾನೂನಿನಂತೆ ಅದು ಆರುವಂತಿಲ್ಲ. ವರ್ಷದ 8,760 ಗಂಟೆಯೂ ಉರಿದು ಸುಮಾರು 350 ಯೂನಿಟ್ ತಿನ್ನುತ್ತದೆ. 5 ವಾಟಿನ ಎಲ್‌ಇಡಿ ಹಾಕಿದರೆ 44 ಯೂನಿಟ್. ನಮ್ಮ ನಂದಾದೀವಿಗೆಯ ಲೆಕ್ಕವೇ ಇದು, ದೇವರಿಗೆ ಬದಲು ಬಾಗಿಲಿಗೆ. ಮೇಲೆ ಕೂತ ಬಿಸಿಗಾಳಿಯನ್ನು ಕೆಳಗೆ ತಳ್ಳಲು ಫ್ಯಾನನ್ನು ಚಳಿಗಾಲದಲ್ಲಿ ತಿರುಗುಮುರುಗಾಗಿ ತಿರುಗಿಸುವುದು. ವಾರದ ದಿನಗಳ ಪ್ರಾರ್ಥನೆಯನ್ನು ದೊಡ್ಡ ಸಭಾಂಗಣದಿಂದ ಚಿಕ್ಕ ಕೋಣೆಗೆ ತರುವುದು. ಶಾಖವನ್ನು ರಾತ್ರಿ, ಖಾಲಿ ದಿನಗಳಲ್ಲಿ ತಾನಾಗಿ ಇಳಿಸುವ ಥರ್ಮೋಸ್ಟ್ಯಾಟ್ ಹಾಕುವುದು. ಇದಕ್ಕೂ ಮಿತಿಯಿದೆ. ತೀರಾ ಇಳಿಸಿದರೆ ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆಯುತ್ತದೆ. ಬೇಗಬೇಗ ಏರಿಳಿಸಿದರೆ ಪೈಪ್ ಆರ್ಗನ್ನಿನ ಮರ ಬಿರುಕು ಬಿಟ್ಟು ಶ್ರುತಿ ಕೆಡುತ್ತದೆ. ಹೀಗಾಗಿ ಥರ್ಮೋಸ್ಟ್ಯಾಟಿನ ವಿಷಯದಲ್ಲಿ ಗುರುಗಳಿಗಿಂತ ಆರ್ಗನ್ ನುಡಿಸುವವರ ಮಾತು ನಡೆಯುವುದುಂಟು. ಒಂದು ಥರ್ಮ್ ಅನಿಲ ಉರಿದರೆ ಸುಮಾರು 5.3 ಕಿಲೊ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಬಿಲ್ಲಿನಲ್ಲಿ ಥರ್ಮ್‌ನ ಲೆಕ್ಕ ಇದ್ದೇ ಇರುತ್ತದೆ, ಗುಣಿಸುವವರು ಬೇಕು.

ಮಕೋಂಬ್ ಕೌಂಟಿಯಲ್ಲಿ ಈ ಮಾತನ್ನು ಹೇಗೆ ಆಡಬೇಕು ಎಂಬುದೂ ಒಂದು ವಿದ್ಯೆ. ಡೆಮಾಕ್ರಟಿಕ್ ಪಕ್ಷದ ಕಾರ್ಮಿಕರು ರೇಗನ್ನರಿಗೆ ಮತ ಹಾಕಿದ್ದೇಕೆ ಎಂದು 1985ರಲ್ಲಿ ಸಮೀಕ್ಷಕ ಸ್ಟ್ಯಾನ್ಲಿ ಗ್ರೀನ್‌ಬರ್ಗ್ ಅಧ್ಯಯನ ಮಾಡಿದ್ದು ಇದೇ ಕೌಂಟಿಯಲ್ಲಿ. ಕಾರು ತಯಾರಿಸಿ ಬದುಕಿದ ಊರಿನಲ್ಲಿ ಹವಾಮಾನ ಬದಲಾವಣೆ ಎಂದರೆ ಅರ್ಧ ಜನ ಎದ್ದುಹೋದಾರು. ಕ್ರೈಸ್ತರಲ್ಲೇ ಈ ಬಗ್ಗೆ ಒಮ್ಮತವಿಲ್ಲ. 2000ದಲ್ಲಿ ಹೊರಬಂದ ಕಾರ್ನ್‌ವಾಲ್ ಘೋಷಣೆ ಪರಿಸರವಾದಿಗಳ ಆತಂಕವನ್ನು ಪ್ರಶ್ನಿಸಿತು, 2006ರಲ್ಲಿ ಇವ್ಯಾಂಜೆಲಿಕಲ್ ನಾಯಕರ ಇನ್ನೊಂದು ಗುಂಪು ಹವಾಮಾನಕ್ಕಾಗಿ ಕೈಜೋಡಿಸಬೇಕೆಂದು ಕರೆಕೊಟ್ಟಿತು. ಆದರೆ ಚರ್ಚುಗಳ ಕಟ್ಟಡ ಸಮಿತಿಯಲ್ಲಿ ಕೂರುವವರು ನಿವೃತ್ತ ಎಲೆಕ್ಟ್ರಿಷಿಯನ್, ಟೂಲ್‌ಮೇಕರ್, ಎಂಜಿನಿಯರುಗಳು. ಪೋಲು ಮಾಡುವುದು ಅವರಿಗೆ ಯಾವ ಪಕ್ಷದಲ್ಲಿದ್ದರೂ ಸೇರದು. ಅನಿಲಕ್ಕೆ ಹೋಗುವ ಹಣ ಹಸಿದವರಿಗೆ ದಿನಸಿ ಹಂಚುವ ಕೋಣೆಗೆ ಹೋಗಲಿ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. 2003ರ ಆಗಸ್ಟ್ 14ರ ಮಧ್ಯಾಹ್ನ ಓಹಾಯೊದಲ್ಲಿ ಶುರುವಾದ ತೊಂದರೆಯಿಂದ ಅಮೆರಿಕ, ಕೆನಡಗಳ ಸುಮಾರು 5 ಕೋಟಿ ಜನರಿಗೆ ಕತ್ತಲಾದಾಗ ಡೆಟ್ರಾಯಿಟ್ ಸೀಮೆಯೂ ಕತ್ತಲಾಯಿತು. ಜಾಲ ಎಷ್ಟು ನಾಜೂಕಿನದು ಎಂದು ಅಂದು ಪಕ್ಷಭೇದವಿಲ್ಲದೆ ಎಲ್ಲರಿಗೂ ತಿಳಿಯಿತು.

2015ರಲ್ಲಿ ಪೋಪ್ ಫ್ರಾನ್ಸಿಸ್ ‘ಲೌದಾತೊ ಸಿ’ ಎಂಬ ವಿಶ್ವಪತ್ರ ಹೊರಡಿಸಿದರು. ಹವಾಮಾನ, ಬಡತನ, ಬಳಕೆಯ ಹಪಾಹಪಿ ಎಲ್ಲವನ್ನೂ ಒಂದೇ ನೇಯ್ಗೆಯಲ್ಲಿ ತಂದ ದೀರ್ಘ ಪತ್ರವದು. ಅದರ 211ನೇ ಪರಿಚ್ಛೇದದಲ್ಲಿ ಒಂದು ಮನೆಯೊಳಗಿನ ಮಾತಿದೆ: ಖರ್ಚು ಮಾಡುವ ಶಕ್ತಿಯಿದ್ದೂ ಶಾಖ ಕಡಿಮೆ ಮಾಡಿ ಬೆಚ್ಚಗಿನ ಬಟ್ಟೆ ತೊಡುವವನ ಬಗ್ಗೆ ಮೆಚ್ಚುಗೆ. ಮೂವತ್ತೆಂಟು ವರ್ಷ ಹಿಂದೆ ಕಾರ್ಟರ್ ಸ್ವೆಟರ್ ತೊಟ್ಟು ಹೇಳಿದಾಗ ನಗೆಪಾಟಲಾದದ್ದನ್ನೇ ಪೋಪ್ ಸದ್ಗುಣವೆಂದು ಬರೆದರು.

ಇಷ್ಟಾದರೂ ಕಾನೂನಿನಲ್ಲಿ ಒಂದು ವಿಚಿತ್ರ ಉಳಿದೇ ಇತ್ತು. 2006ರಿಂದ ಸೌರ ಫಲಕ ಹಾಕಿಸಿದ ವ್ಯಾಪಾರಿಗೆ ವೆಚ್ಚದ 30% ಆದಾಯ ತೆರಿಗೆಯಲ್ಲಿ ಕಡಿತ ಸಿಗುತ್ತಿತ್ತು. ಚರ್ಚು ಆದಾಯ ತೆರಿಗೆಯನ್ನೇ ಕಟ್ಟುವುದಿಲ್ಲ. ಕಟ್ಟದ ತೆರಿಗೆಯಲ್ಲಿ ಕಡಿತವೆಲ್ಲಿ? ಧರ್ಮಸಂಸ್ಥೆಗೆ ಕೊಟ್ಟ ವಿನಾಯಿತಿಯೇ ಅದರ ಕೈ ಕಟ್ಟಿತು. ಲಾಭದ ಅಂಗಡಿ ಮೂರನೆಯ ಒಂದು ಭಾಗದಷ್ಟು ಅಗ್ಗಕ್ಕೆ ಪಡೆದ ಫಲಕಕ್ಕೆ ಚರ್ಚು ಪೂರ್ತಿ ಬೆಲೆ ತೆರಬೇಕು. ಜಾಣರು ದಾರಿ ಹುಡುಕಿದರು: ಬೇರೆ ಕಂಪನಿಯೊಂದು ಮಾಡಿನ ಮೇಲೆ ಫಲಕ ಹಾಕಿ, ಕಡಿತ ತಾನು ಪಡೆದು, ಚರ್ಚಿಗೆ ವಿದ್ಯುತ್ ಮಾರುವುದು ಅಥವಾ ಫಲಕವನ್ನೇ ಬಾಡಿಗೆಗೆ ಕೊಡುವುದು. ಆದರೆ ಹಿಡಿಯಷ್ಟು ಜನರ ಸಭೆಗೆ ಅಂಥ ಕರಾರು ಬರೆಸುವ ವಕೀಲರ ಶುಲ್ಕವೇ ಭಾರ. 2022ರ ಆಗಸ್ಟಿನ ಹಣದುಬ್ಬರ ತಗ್ಗಿಸುವ ಕಾಯ್ದೆ ಈ ಗಂಟನ್ನು ಬಿಡಿಸಿತು. 2023ರಿಂದ ತೆರಿಗೆ ಕಟ್ಟದ ಸಂಸ್ಥೆಗೂ ಅಷ್ಟು ಹಣವನ್ನು ಸರ್ಕಾರ ನೇರವಾಗಿ ಕೊಡುವಂತಾಯಿತು. ಅದಕ್ಕೆ ಮುಂಚಿತವಾಗಿ ನೋಂದಾಯಿಸಿ, 990-ಟಿ ಎಂಬ ನಮೂನೆ ತುಂಬಬೇಕು. ಇಲ್ಲಿನ ಚರ್ಚುಗಳು ಇತರ ಧರ್ಮಾರ್ಥ ಸಂಸ್ಥೆಗಳಂತೆ ವಾರ್ಷಿಕ ವಿವರವನ್ನು ಸಲ್ಲಿಸಬೇಕಾಗಿಲ್ಲ. ಹೀಗಾಗಿ ಎಷ್ಟೋ ಸಭೆಗಳ ಪಾಲಿಗೆ ಸರ್ಕಾರಕ್ಕೆ ಸಲ್ಲಿಸುವ ಮೊದಲ ತೆರಿಗೆ ಪತ್ರವೇ ಸೂರ್ಯನ ಹೆಸರಿನಲ್ಲಿ ಎಂಬಂತಾಯಿತು. 2023ರ ನವೆಂಬರಿನಲ್ಲಿ ಮಿಷಿಗನ್ ರಾಜ್ಯವೂ 2040ರೊಳಗೆ ವಿದ್ಯುತ್ತೆಲ್ಲ ಶುದ್ಧ ಮೂಲದಿಂದ ಬರಬೇಕೆಂಬ ಕಾನೂನು ತಂದಿತು.

ಬಾಗಿಲು ತೆರೆದಷ್ಟೇ ಬೇಗ ಮುಚ್ಚತೊಡಗಿತು. 2025ರ ಜುಲೈ 4ರ ಕಾಯ್ದೆಯ ಪ್ರಕಾರ, ಒಂದು ವರ್ಷದೊಳಗೆ ಕೆಲಸ ಆರಂಭಿಸದ ಸೌರ, ಗಾಳಿ ಯೋಜನೆಗಳು 2027ರ ಕೊನೆಯೊಳಗೆ ವಿದ್ಯುತ್ ಕೊಡದಿದ್ದರೆ ಈ ನೆರವಿಲ್ಲ. ಚರ್ಚುಗಳು ನಿಧಾನದ ಪ್ರಾಣಿಗಳು. ಸಮಿತಿ ಸೇರಬೇಕು, ಸಭೆ ಒಪ್ಪಬೇಕು, ಬಿಷಪ್ಪರ ಕಚೇರಿ ಅನುಮತಿಸಬೇಕು, ಕಾಣಿಕೆ ಕೂಡಬೇಕು. ಐದು ವರ್ಷದ ಕಿಟಕಿಯಲ್ಲಿ ಅವುಗಳಲ್ಲಿ ಹಲವು ತಲೆ ತೂರಿಸುವಷ್ಟರಲ್ಲಿ ಕಿಟಕಿ ಮುಚ್ಚುತ್ತದೆ. ಆದ್ದರಿಂದಲೇ ಕಾನೂನು ಬದಲಾದರೂ ಬದಲಾಗದ ಕೆಲಸಗಳಿಗೆ, ಅಂದರೆ ಸಂದಿ ಮುಚ್ಚುವುದು, ಮಾಡಿಗೆ ಹೊದಿಕೆ ಹಾಕುವುದು, ಖಾಲಿ ಕೋಣೆಯ ಶಾಖ ಇಳಿಸುವುದು, ಇವುಗಳಿಗೆ ಬೆಲೆ ಹೆಚ್ಚು. ಬಳಸದ ಇಂಧನಕ್ಕೆ ಯಾರ ಅನುದಾನವೂ ಬೇಕಾಗಿಲ್ಲ.

ಈ ಚರಿತ್ರೆ ಬರಿಯ ಚರ್ಚುಗಳದ್ದು ಎಂದು ನಾವು ಕನ್ನಡಿಗರು ಪಕ್ಕಕ್ಕೆ ಸರಿಸುವಂತಿಲ್ಲ. ಅಮೆರಿಕದಲ್ಲಿ ನಮ್ಮ ಸಂಘಗಳು ಇನ್ನೂ ಕೂಸಾಗಿದ್ದಾಗ ಚರ್ಚಿನ ಹಾಲ್‌ಗಳಲ್ಲಿ ಹಬ್ಬ ಮಾಡಿದ್ದುಂಟು. ಯುಗಾದಿಯ ಬೇವುಬೆಲ್ಲ ಹಂಚುವಾಗ ಹೊರಗೆ ಹಿಮ ಬೀಳುತ್ತಿದ್ದರೆ ಒಳಗಿನ ಬೆಚ್ಚಗೆ ಯಾರದೋ ಭಾನುವಾರದ ಕಾಣಿಕೆಯದು. ಈಗ ಟ್ರಾಯ್, ನೋವೈ, ಕ್ಯಾಂಟನ್ ಊರುಗಳಲ್ಲಿ ನಮ್ಮವೇ ದೇವಾಲಯಗಳಿವೆ. ಎತ್ತರದ ಸಭಾಂಗಣ, ದಿನವಿಡೀ ಉರಿಯುವ ದೀಪ, ಬರಿಗಾಲಿಗೆ ಬೆಚ್ಚಗಿರಬೇಕಾದ ನೆಲ, ಆಗಾಗ ತೆರೆಯುವ ಬಾಗಿಲು, ನೂರಾರು ಜನಕ್ಕೆ ಬೇಯುವ ಅಡುಗೆ. ಗೋಪುರಕ್ಕೆ ದಾನಿಗಳು ಸಿಗುತ್ತಾರೆ, ಹೆಸರು ಕೆತ್ತಲು ಕಲ್ಲಿರುತ್ತದೆ. ಮಾಡಿನ ಹೊದಿಕೆಗೆ, ಬಾಯ್ಲರಿಗೆ ಯಾರ ಹೆಸರೂ ಕೆತ್ತುವುದಿಲ್ಲ. ಕಟ್ಟಿದ ತಲೆಮಾರು ಈಗ ಎಪ್ಪತ್ತು, ಎಂಬತ್ತು ದಾಟಿದೆ. ಮಕ್ಕಳು ಎಲ್ಲೆಲ್ಲಿಗೋ ಕೆಲಸಕ್ಕೆ ಹೋಗಿದ್ದಾರೆ. ಪೋಲಿಷ್ ಅಜ್ಜಂದಿರೂ ತಮ್ಮ ಚರ್ಚುಗಳು ಸದಾ ತುಂಬಿರುತ್ತವೆ ಎಂದೇ ನಂಬಿ ಕಟ್ಟಿದ್ದರು.

ನಮ್ಮ ಹಳಬರು ದೀಪಕ್ಕೆ ಎಣ್ಣೆಯನ್ನೂ ಬಿರುಕಿಗೆ ಗಾರೆಯನ್ನೂ ಒಂದೇ ಶಾಸನದಲ್ಲಿ ಬರೆದಿಟ್ಟರು. ಪೂಜೆಯ ಖರ್ಚು ಬೇರೆ, ಕಟ್ಟಡದ ಖರ್ಚು ಬೇರೆ ಎಂದು ಅವರಿಗೆ ಅನ್ನಿಸಲಿಲ್ಲ. ವೈಯಾಂಡಾಟ್‌ನ ಗುರುವೂ ಮನ್ರೋದ ಸನ್ಯಾಸಿನಿಯರೂ ಬೇರೆ ದಾರಿಯಿಂದ ಬಂದು ಮುಟ್ಟಿದ್ದು ಇದೇ ತಿಳಿವಳಿಕೆಗೆ. ದೇವಾಲಯದ ವಾರ್ಷಿಕ ಸಭೆಯಲ್ಲಿ ಜಮಾಖರ್ಚು ಓದುವಾಗ ಅನಿಲ, ವಿದ್ಯುತ್ತಿನ ಬಾಬತ್ತು ಬಂದರೆ ನಾವು ಸಾಮಾನ್ಯವಾಗಿ ಮುಂದಿನ ಸಾಲಿಗೆ ಹೋಗಿಬಿಡುತ್ತೇವೆ. ಅಲ್ಲಿ ಒಂದು ನಿಮಿಷ ನಿಂತು, ಇದು ಹೋದ ವರ್ಷಕ್ಕಿಂತ ಯಾಕೆ ಹೆಚ್ಚಾಯಿತು ಎಂದು ಯಾರಾದರೂ ಕೇಳಿದರೆ ಸಾಕು, ಕೆಲಸ ಶುರುವಾದಂತೆ.